ಸಂಭವನೀಯತೆ ಮತ್ತು ಹುಣಸೆಬೀಜ

ಸಿರುಗುಪ್ಪದ ನನ್ನ ಬಾಡಿಗೆ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಸಂಭವನೀಯತೆಯ ಪಾಠ ನಡೆದಿತ್ತು. ಇಸ್ಪೀಟು ಎಲೆಗಳನ್ನು ಚಾಪೆಯ ಮೇಲೆ ಹರಡಿದ್ದೆ. ಯಾವ ಬಣ್ಣ ಎಷ್ಟು ಸಲ ಬಂತೆಂದು ಗುರುತಿಡಲು ಹುಣಸೆಬೀಜಗಳ ಗುಡ್ಡೆ. ಗಾಳಿಗೆ ಎಲೆ ಹಾರದಿರಲೆಂದು ಬಾಗಿಲ ಚಿಲಕವನ್ನೂ ಹಾಕಿದ್ದೆ. ಇಷ್ಟೆಲ್ಲ ಮುಂದಾಲೋಚನೆ ಮಾಡಿದ ಮಹಾಶಯನಿಗೆ, ಇಸ್ಪೀಟು ಅಡ್ಡೆಗಳಲ್ಲಿ ದುಡ್ಡಿನ ಬದಲು ಹುಣಸೆಬೀಜವನ್ನೇ ಇಡುತ್ತಾರೆಂಬುದು ಮಾತ್ರ ತಿಳಿದಿರಲಿಲ್ಲ.

ಯಾರೋ ಬಾಗಿಲು ಬಡಿದರು. "ತೆಗೀರಿ, ಪೊಲೀಸ್!"

ತೆಗೆದೆ. ಪೇದೆ ಮೊದಲು ನೋಡಿದ್ದು ಬೀಜಗಳನ್ನು. "ಏನ್ ಮೇಷ್ಟ್ರೆ, ಹುಡುಗ್ರನ್ನ ಕುಂದ್ರಿಸಿಕೊಂಡು ಅಂದರ್‌ಬಾಹರ್ ಆಡಸ್ತೀರೇನ್ರಿ? ಒಂದು ಬೀಜಕ್ಕ ಎಷ್ಟು?"

ಬಳ್ಳಾರಿಯ ಪಾರ್ವತಿನಗರದಲ್ಲಿ ಮಾವನವರ ಮನೆಯಲ್ಲಿ ಈ ಸುದ್ದಿಯನ್ನು ಸಂಜೆಯ ಚಹಾದ ಜೊತೆ ಬಡಿಸುವ ದೃಶ್ಯ ಕಣ್ಣೆದುರು ಬಂತು. ಕಾಲೇಜಿನ ಕೆಲಸ ಹೋಗುವ ದೃಶ್ಯ ಅದರ ಬೆನ್ನಿಗೇ ನಿಂತಿತ್ತು. "ಗಣಿತ" ಎನ್ನಲು ಹೋದರೆ "ಗ" ಮಾತ್ರ ಹೊರಟಿತು.

ಕುರುಗೋಡಿನಿಂದ ಬರುವ ಹುಡುಗಿ ಎದ್ದು ನಿಂತಳು. "ಲೆಕ್ಕ ಮಾಡಾಕತ್ತೀವ್ರಿ ಸಾರ್. ಒಂದಾದ ಮ್ಯಾಲೊಂದು ಎರಡು ಎಲಿ ತಗದ್ರ, ಎರಡೂ ಕೆಂಪು ಬರೋದು ನೂರಾ ಎರಡರಾಗ ಇಪ್ಪತ್ತೈದು. ನಾಕರಾಗ ಒಂದೂ ತುಂಬಂಗಿಲ್ರಿ."

ಪೇದೆ ಬೆರಳು ಮಡಚಿ ಎಣಿಸಲು ಹೋಗಿ, ಅರ್ಧಕ್ಕೇ ಕೈಬಿಟ್ಟ. "ಇಷ್ಟು ಲೆಕ್ಕ ಬಲ್ಲೋರು ಆಡಂಗಿಲ್ಲ ಬಿಡವ್ವಾ. ಮೇಷ್ಟ್ರೆ, ಮೊದ್ಲು ಆ ಬೀಜ ಚೆಲ್ರಿ. ಬಾಗ್ಲಾ ತೆಗದಿಟ್ಟು ಪಾಠ ಹೇಳ್ರಿ."

ಮರುದಿನ ಬಾಗಿಲು ಪೂರ್ತಿ ತೆರೆದು, ಬೀಜದ ಬದಲು ಸೀಮೆಸುಣ್ಣದ ಗೀಟು ಹಾಕಿ ಪಾಠ ಮಾಡಿದೆ. ರಾಜ ರಾಣಿಯರು ಗಾಳಿಗೆ ಓಣಿಯವರೆಗೂ ಹಾರಿದರು. ಹಾಡುಹಗಲಲ್ಲಿ ಅವರನ್ನು ಕೈಯಲ್ಲಿ ಹಿಡಿದು ತರುವ ಧೈರ್ಯ ನನಗಿರಲಿಲ್ಲ.