ಅಪ್ಪನ ಸಾಕ್ಷಿ, ಅವ್ವನ ಹಲ್ಲು

ಚಿಂಚೋಳಿಯ ಕ್ರೈಸ್ತ ಸಭೆಯಲ್ಲಿ, ದೇವರು ತನ್ನನ್ನು ಬದಲಿಸಿದ ಸಾಕ್ಷಿ ಹೇಳಲು ಅಪ್ಪ ಎದ್ದಾಗ ಅವ್ವನೂ ನಾನೂ ಹೆಂಗಸರ ಕಡೆಯ ಜಮಖಾನೆಯ ಮೇಲೆ ಕೂತಿದ್ದೆವು. ಅಂದಿನ ಪಾಠ ನೂತನ ಆಕಾಶ, ನೂತನ ಭೂಮಿಯದು. ದೇವರು ಎಲ್ಲವನ್ನೂ ಹೊಸದಾಗಿ ಸೃಷ್ಟಿಸುವ ಕಾಲ ಬರುತ್ತದೆ, ಆಗ ಹಿಂದಿನದು ಯಾರ ಮನಸ್ಸಿಗೂ ಬಾರದು ಎಂಬ ಪ್ರವಾದನೆಯನ್ನು ಪಾಸ್ಟರ್ ಓದಿ ಮುಗಿಸಿದ್ದರು.

“ಆ ಕಾಲ ಬರೂತನಕ ಕಾಯೋದು ಬ್ಯಾಡ್ರಿ. ಈ ಅಣ್ಣಾರ್ನ ನೋಡ್ರಿ, ಈಗೇ ಹೊಸ ಮನುಷ್ಯಾ ಆಗ್ಯಾರ,” ಎಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು.

ಆಗಿದ್ದದ್ದು ನಿಜವೇ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುತ್ತ ಪ್ರಾಯ ಕಳೆದ ಅಪ್ಪ ಕುಡಿದು ಬಂದನೆಂದರೆ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ. ಕೆಲವು ವರ್ಷಗಳ ಕೆಳಗೆ ಯಾವುದೋ ಪ್ರಾರ್ಥನಾ ಕೂಟದಲ್ಲಿ ಅತ್ತು ಬಂದವನು ಮತ್ತೆ ಕುಡಿಯಲಿಲ್ಲ. ಈಗ ಅವ್ವನಿಗಿಂತ ಮುಂಚೆ ಎದ್ದು ಚಹಾ ಕಾಸಿ ಅವಳಿಗೆ ಕೊಡುತ್ತಾನೆ. ಅವನ ಸಾಕ್ಷಿ ಕೇಳಿದವರು ತಮ್ಮೂರಿಗೂ ಕರೆಯತೊಡಗಿದರು. ಭಂಕೂರ, ವಾಡಿ, ಚಿತ್ತಾಪುರ. ಇಷ್ಟು ದಿನ ಯಾರೂ ಎಣಿಕೆಗೆ ತೆಗೆದುಕೊಳ್ಳದಿದ್ದ ಮನುಷ್ಯ ಬಿಳಿ ಅಂಗಿ ತೊಟ್ಟು ಮೈಕ್ ಹಿಡಿಯುತ್ತಿದ್ದ. ಊರಿಂದ ಊರಿಗೆ ಸಾಕ್ಷಿ ಉದ್ದವಾಗುತ್ತ ಹೋಯಿತು. ಚಿಂಚೋಳಿಯಲ್ಲಿ ಹಲ್ಲಿನ ತನಕ ಬಂತು.

“ನಾ ಎಂಥಾ ಪಾಪಿ ಇದ್ದೆ ಕೇಳ್ರಿ,” ಅಂದ ಅಪ್ಪ. “ಅಲ್ಲಿ ಕುಂತಾಳಲ್ರಿ, ಆಕಿ ನನ್ನ ಹೆಂಡ್ತಿ. ಆಕಿ ಮುಂದಿನ ಹಲ್ಲು ಇಲ್ರಿ. ಸಾರಿಗಿ ಉಪ್ಪು ಕಡಿಮಿ ಆತಂತ ತಂಬಿಗಿಲೆ ಹೊಡ್ದು ನಾನೇ ಮುರ್ದೀನಿ.”

ಸಭೆಯ ಅಷ್ಟೂ ತಲೆಗಳು ನಮ್ಮ ಕಡೆ ತಿರುಗಿದವು. ಅವ್ವ ಸೆರಗು ಬಾಯಿಗೆ ಹಿಡಿದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದೇ ಅವಳು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು, ನನ್ನ ಅತ್ತೆಯ ಮನೆಯವರಿಗೂ.

“ಆ ಹಳೇ ಮನುಷ್ಯಾ ಸತ್ತಾನ್ರಿ!” ಎಂದು ಅಪ್ಪ ಕೂಗಿದ. ಹಲ್ಲೆಲೂಯ ಎಂದು ಸಭೆ ಎದ್ದಿತು, ಚಪ್ಪಾಳೆ ಬಿತ್ತು. ನೋಡಿದರೆ ನನ್ನ ಕೈಗಳೂ ತಟ್ಟುತ್ತಿದ್ದವು. ಅವ್ವ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನಾನು ಅವನ್ನು ಮಡಿಲಿಗೆ ಎಳೆದುಕೊಂಡೆ. ನೆಲ ಬಾಯ್ಬಿಟ್ಟು ನುಂಗಲಿ ಎಂದು ಜನ ಅನ್ನುವುದು ಯಾಕೆಂದು ಆಗ ತಿಳಿಯಿತು.

ಊಟದ ಹೊತ್ತಿಗೆ ಹೆಂಗಸರು ಅವ್ವನ ಸುತ್ತ ಕೂಡಿದರು. “ಭಾಳ ದೊಡ್ಡ ಮನಸ್ರಿ ನಿಮ್ದು, ಅಮ್ಮಾ,” ಎಂದಳು ಒಬ್ಬಳು. ಅವಳ ಕಣ್ಣು ಅವ್ವನ ಬಾಯಿಯ ಮೇಲೇ ಇತ್ತು. ಅವ್ವ ಬಾಯಿ ತೆರೆಯಬೇಕಾಗುತ್ತದೆಂದು ಊಟವನ್ನೇ ಮಾಡಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದೆ ಕೂತು ಪಕ್ಕದವನಿಗೆ ಸಭೆಯ ವಿಷಯ ಹೇಳುತ್ತಿದ್ದ. ಸೇಡಂ ದಾಟಿದ ಮೇಲೆ ಅವ್ವ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು:

“ಮರೆಸೋದು ದೇವ್ರು ಮಾಡೋ ಕೆಲಸ ಅಂತ ಓದಿದ್ರಲ್ಲ. ಇವ್ರು ನೋಡಿದ್ರ ಊರೂರಿಗಿ ನೆನಪು ಮಾಡ್ಸಲಿಕತ್ತಾರ.”

“ಬಿಟ್ಟುಬಿಡು ಅಪ್ಪಾ ಅಂತ ನಾ ಹೇಳ್ಲೇನು?”

“ಹೇಳು. ನಿನ್ನ ಮಾತು ಕೇಳ್ತಾರ.”

ಹೇಳಲಾಗಲಿಲ್ಲ. ವಾಡಿಯಿಂದ ತವರಿಗೆ ಹೋದಾಗಲೆಲ್ಲ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಅಪ್ಪ ನಗುತ್ತ ಬಾಗಿಲಿಗೆ ಬರುತ್ತಿದ್ದ. ಆ ನಗು ಕಾಣಲು ನಾವು ಎಷ್ಟು ವರ್ಷ ಕಾದಿದ್ದೆವು! ಭಾನುವಾರ ನಮ್ಮ ಸಭೆಯ ಮಕ್ಕಳಿಗೆ ನಾನು ಬೈಬಲ್ ಹೇಳಿಕೊಡುತ್ತೇನೆ. ಒಮ್ಮೆ, ತೋಳವೂ ಕುರಿಮರಿಯೂ ಒಟ್ಟಿಗೆ ಮೇಯುವ ದಿನ ಬರುತ್ತದೆ ಎಂದು ಹೇಳುವಾಗ, ತೋಳ ಸಾಧುವಾದದ್ದು ಕುರಿಗೆ ಹೇಗೆ ಗೊತ್ತಾಗುತ್ತದೆ, ತೋಳದ ಪಕ್ಕದಲ್ಲಿ ನಿಂತು ಅದಕ್ಕೆ ಹುಲ್ಲು ಇಳಿಯುತ್ತದೆಯೇ ಎಂದು ನನಗೇ ಅನುಮಾನ ಬಂದು ಪಾಠ ತಡವರಿಸಿತು. ಮಕ್ಕಳ ಮುಂದೆ ಮುಖ ಬೆಚ್ಚಗಾಯಿತು.

ಕೊನೆಗೆ ಅವ್ವನೇ ಹೇಳಿದಳು. ಸೇಡಂನಿಂದ ಕರೆ ಬಂದಿತ್ತು. ಜೊತೆಗೆ ಹೋಗಲೆಂದು ನಾನೂ ತವರಿಗೆ ಬಂದಿದ್ದೆ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ನಾ ಬರಂಗಿಲ್ರಿ,” ಅಂದಳು ಅವ್ವ.

“ಯಾಕ? ಆರಾಮಿಲ್ಲೇನು?”

“ಆರಾಮ ಅದೀನಿ. ನಿಮ್ಮ ಕುಡಿತ ನಿಮ್ದು, ಎಲ್ಲಿ ಬೇಕಾದ್ರ ಹೇಳ್ರಿ. ನನ್ನ ಬಾಯಾಗಿಂದು ನನಗ ಬಿಡ್ರಿ.”

ಅಪ್ಪ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಅವನು ಚಪ್ಪಲಿ ಮೆಟ್ಟಿದ.

ಸೇಡಂನ ಸಭೆಯಲ್ಲಿ ಅವನು ಮೈಕ್ ಹಿಡಿದು ಎರಡು ಸಲ ಮಾತು ಶುರುಮಾಡಿ ನಿಲ್ಲಿಸಿದ. “ನಾ ಕುಡೀತಿದ್ದೆ. ದೇವ್ರು ಬಿಡಿಸ್ಯಾನ. ಉಳಿದಿದ್ದು ಹೇಳೋ ಹಕ್ಕು ನಂದಲ್ರಿ,” ಎಂದು ಕೂತುಬಿಟ್ಟ. ಚಪ್ಪಾಳೆ ತಟ್ಟಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. ಪಾಸ್ಟರ್ ಅವಸರದಲ್ಲಿ ಹಾಡು ಎತ್ತಿದರು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ, “ಕಡಿಮಿ ಆತೇನು?” ಎಂದು ಕೇಳಿದ. ಅವನ ಮುಖ ಬಾಡಿತ್ತು. ಅವ್ವ ಆಡಿದ ಮಾತನ್ನು ಎಂದೋ ನಾನು ಮೆಲ್ಲಗೆ ಹೇಳಿದ್ದರೆ ಅವನು ಹೀಗೆ ಜನರೆದುರು ತಡವರಿಸುತ್ತಿರಲಿಲ್ಲ. “ಸಾಕಷ್ಟು ಆತು, ಅಪ್ಪಾ,” ಎಂದೆ. ಮತ್ತೆ ಯಾವ ಊರಿನವರೂ ಅವನನ್ನು ಕರೆಯಲಿಲ್ಲ.

ಸೇಡಂನಿಂದ ತಿರುಗಿ ಬಂದ ಸಂಜೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಒಲೆಯ ಹತ್ತಿರ ಹೋಗಿ ನೆಲದ ಮೇಲೆ ಕೂತ. ಒಲೆಗೆ ಕಟ್ಟಿಗೆ ತಳ್ಳುತ್ತ ಕೇಳಿದ:

“ಅವತ್ತು ಹಲ್ಲು ಮುರ್ದಾಗ ಭಾಳ ನೋವಾಗಿತ್ತೇನು?”

ಇಷ್ಟು ಊರುಗಳಲ್ಲಿ ಸಾಕ್ಷಿ ಹೇಳಿದವನು ಅವಳನ್ನು ಇದೊಂದು ಮಾತು ಕೇಳಿರಲೇ ಇಲ್ಲ. ಅವ್ವ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿದಳು.

“ನೋವಾಗಿತ್ತು,” ಅಂದಳು. “ಹೇಳ್ಲೇನು?”

“ಹೇಳು.”

ನಾನು ಎದ್ದು ಅಂಗಳಕ್ಕೆ ಬಂದೆ. ಒಳಗೆ ಅವ್ವ ನಿಧಾನವಾಗಿ ಮಾತಾಡುತ್ತಲೇ ಇದ್ದಳು. ಅಪ್ಪನ ದನಿ ಕೇಳಿಸಲಿಲ್ಲ.