ಕೊಟ್ಟ ಪದಕೋಶವನ್ನು ತಿರುಗಿ ತಂದದ್ದು

ಮಕ್ಕಳೇ, ನಿಮ್ಮ ಅಜ್ಜನ ಪದಕೋಶದ ಮೊದಲ ಸಂಪುಟವನ್ನು ನೀವು ನೋಡಿದ್ದೀರಿ. ಎತ್ತಲು ಎರಡು ಕೈ ಬೇಕು. ಬಿತ್ತುವ, ಕಳೆ ತೆಗೆಯುವ, ಒಕ್ಕುವ ಮಾತುಗಳು, ಮೆಣಸಿನಕಾಯಿ ಪೇಟೆಯ ಮಾತುಗಳು, ಯಾವ ಊರಿನಲ್ಲಿ ಯಾವುದಕ್ಕೆ ಏನೆನ್ನುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಅವರು ತಮ್ಮ ರಜೆಗಳನ್ನೆಲ್ಲ ಅದಕ್ಕೇ ಕೊಟ್ಟರು. ನಾನು ಹಲಗೇರಿಯ ಶಾಲೆಯಲ್ಲಿ ಏಳನೆಯ ಇಯತ್ತೆಗೇ ನಿಂತವಳು. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ಗಂಡಸರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವರ ನಡುವೆ ಕುಳಿತು, ಅವರಾಡಿದ್ದನ್ನು ನೆನಪಿಟ್ಟುಕೊಂಡು ಬಂದು ಹೇಳುತ್ತಿದ್ದವಳು ನಾನು. ಅಜ್ಜ ಒಂದೊಂದು ಮಾತಿಗೂ ಒಂದೊಂದು ಚೀಟಿ ಬರೆಯುತ್ತಿದ್ದರು.

ಅ ಅಕ್ಷರದಿಂದ ನ ಅಕ್ಷರದವರೆಗೆ ಅಚ್ಚಾಯಿತು. ಉಳಿದದ್ದು ಅಚ್ಚಾಗುವ ಮೊದಲೇ ಅವರು ಹೋಗಿಬಿಟ್ಟರು. ಆ ಚೀಟಿಗಳು ಟ್ರಂಕಿನಲ್ಲಿ ಕುಳಿತಿವೆ. ಪ್ರಕಾಶಕರು ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: "ಅಮ್ಮಾರ, ಇಂಥಾ ಪುಸ್ತಕ ಮನಿಮಂದಿ ಕೊಳ್ಳಂಗಿಲ್ರಿ. ಕಾಲೇಜ್ ಲೈಬ್ರರಿಯವರು ಕೊಂಡ್ರ ಎರಡನೇದು ಹಾಕ್ತೀವಿ. ಇಲ್ಲೀತನಕ ನಿಮ್ಮ ಕಡೆಯಿಂದ ಒಬ್ರೂ ಆರ್ಡರ್ ಕೊಟ್ಟಿಲ್ಲ."

ಒಬ್ಬರೂ ಇಲ್ಲವೆ? ಹಾವೇರಿಯಲ್ಲಿ, ರಾಣೇಬೆನ್ನೂರಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ವೇದಿಕೆಯ ಮೇಲೆ ಪುಸ್ತಕ ಇಸಿದುಕೊಂಡಿದ್ದರಲ್ಲ! ನಾನೇ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ವಿದ್ಯೆಗೆ ಬೆಲೆ ಹೇಳಬಾರದು ಎಂದು ಅಜ್ಜ, ಕೇಳಿದ ಕಾಲೇಜಿಗೆಲ್ಲ ಗೌರವ ಪ್ರತಿ ಕೊಟ್ಟರು. ನಾನೂ ಹೂಂ ಅಂದೆ.

ಪುಸ್ತಕ ಕೊಳ್ಳಿರಿ ಎಂದು ಕೇಳಲು ಮೊದಲು ಹಾವೇರಿಗೆ ಹೋದೆ. ಅಲ್ಲಿಯ ಕಾಲೇಜಿನ ಗುಮಾಸ್ತ ತಲೆಯನ್ನೂ ಎತ್ತದೆ, "ನಮ್ಮ ಹತ್ರ ಒಂದು ಐತಲ್ರಿ, ಮತ್ಯಾಕ ಕೊಳ್ಳೂದು?" ಎಂದ. ಆಡಬೇಕಿದ್ದ ಮಾತುಗಳನ್ನೆಲ್ಲ ಬಸ್ಸಿನ ಕಿಟಕಿಗೆ ಹೇಳಿಕೊಂಡು ಮನೆಗೆ ಬಂದೆ.

ಮುಂದಿನ ವಾರ ರಾಣೇಬೆನ್ನೂರಿನ ಕಾಲೇಜು. ಗ್ರಂಥಪಾಲಕರು ಕುರ್ಚಿ ಎಳೆದು ಕೊಟ್ಟು ಚಹಾ ತರಿಸಿದರು.

"ಸರ್ ಅವರ ಪುಸ್ತಕ ಅಂದ್ರ ನಮಗ ದೇವರಿದ್ದಂಗ ನೋಡ್ರಿ ಅಮ್ಮಾರ," ಎಂದು ತಮ್ಮ ಹಿಂದಿನ ಗಾಜಿನ ಕಪಾಟು ತೋರಿಸಿದರು. ಅದರ ಬೀಗದ ಕೈ ಸಿಗುವಷ್ಟರಲ್ಲಿ ಚಹಾ ಆರಿತ್ತು. ಪುಸ್ತಕ ಹೊರಗೆ ಬಂತು. ರಟ್ಟಿನ ಮೇಲೆ ಅರಿಶಿನ, ಕುಂಕುಮ, ಒಣಗಿದ ಸೇವಂತಿಗೆಯ ಎಸಳು. ಪ್ರತಿ ವರ್ಷ ಆಯುಧ ಪೂಜೆಗೆ ಸರಸ್ವತಿಯ ಫೋಟೋದ ಮುಂದೆ ಇಡುತ್ತಾರಂತೆ. ತೆರೆದರೆ ಹಾಳೆಗಳು ಒಂದಕ್ಕೊಂದು ಅಂಟಿ ಚರಚರ ಎಂದವು. ಒಬ್ಬರ ಬೆರಳೂ ಒಳಗೆ ಹೋಗಿರಲಿಲ್ಲ.

"ಹುಡುಗ್ರಿಗೆ ಕೊಡಂಗಿಲ್ಲೇನ್ರಿ?"

"ಏ, ಹರದು ಹಾಕ್ತಾರರಿ! ಇಂಥಾದ್ದನ್ನ ಜ್ವಾಕಿ ಮಾಡಬೇಕು."

ಬೇಡ ಎಂದು ಮುಖದ ಮೇಲೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಇವರು ಕೈಮುಗಿದೇ ಅದನ್ನು ಹೂತುಬಿಟ್ಟಿದ್ದರು. ಪುಸ್ತಕವನ್ನು ಎತ್ತಿಕೊಂಡು ಹೋಗಿ, ಮೇಜಿನ ಬಳಿ ಓದುತ್ತ ಕುಳಿತಿದ್ದ ಹುಡುಗಿಯೊಬ್ಬಳ ಮುಂದೆ ಇಟ್ಟೆ. ಕುಪ್ಪೇಲೂರಿನವಳಂತೆ. ಹಾಳೆ ಬಿಡಿಸಿ ಬಿಡಿಸಿ ಕೊನೆಯವರೆಗೆ ಹೋದಳು.

"ಅಜ್ಜಿ, ಇದರಾಗ ಹಗೇವು ಇಲ್ಲಲ್ರಿ? ನಮ್ಮ ಮನಿ ಮುಂದ ನೆಲದಾಗ ಜ್ವಾಳ ತುಂಬಿಡೋ ಹಗೇವು ಇತ್ತಂತ."

"ಅದು ಎರಡನೇ ಸಂಪುಟದಾಗ ಐತವ್ವ."

"ಅದನ್ನೂ ಕಪಾಟದಾಗ ಕೂಡಿ ಹಾಕ್ಯಾರೇನ್ರಿ?"

"ಇಲ್ಲ, ನಮ್ಮ ಟ್ರಂಕಿನಾಗ ಐತಿ."

"ಅಯ್ಯ, ಇಲ್ಲಿ ಪೂಜಿ, ಅಲ್ಲಿ ಟ್ರಂಕು! ಮತ್ತ ನಾವು ಓದೂದು ಯಾವಾಗರಿ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಗ್ರಂಥಪಾಲಕರು ನಮ್ಮ ಹಿಂದೆಯೇ ಬಂದು ನಿಂತಿದ್ದರು. "ಎರಡನೇದು ಬಂದ ಮ್ಯಾಲೆ ಅದರದೂ ಒಂದು ಗೌರವ ಪ್ರತಿ ಕೊಡ್ರಿ ಅಮ್ಮಾರ. ಭಾರೀ ಕಾರ್ಯಕ್ರಮ ಮಾಡೋಣು," ಎಂದರು.

"ಕಾರ್ಯಕ್ರಮ ಬ್ಯಾಡರಿ. ಮೊದಲನೇದು ಕೊಳ್ರಿ. ಕೊಂಡ್ರನ ಎರಡನೇದು ಬರೂದು."

"ಒಂದು ಇದ್ದ ಮ್ಯಾಲೆ ಇನ್ನೊಂದು ಕೊಳ್ಳಾಕ ಬರಂಗಿಲ್ರಿ."

ಆಗ ಪುಸ್ತಕದ ಬೆನ್ನು ಕಣ್ಣಿಗೆ ಬಿತ್ತು. ಮೇಜಿನ ಮೇಲಿದ್ದ ಉಳಿದ ಪುಸ್ತಕಗಳಿಗೆಲ್ಲ ನಂಬರಿನ ಚೀಟಿ ಇತ್ತು, ಇದಕ್ಕೆ ಇರಲಿಲ್ಲ. "ಇದು ನಿಮ್ಮ ರಜಿಸ್ಟರಿನಾಗ ಏರೈತೇನ್ರಿ?" ಎಂದೆ. ಅವರು ತಲೆ ಕೆರೆದುಕೊಂಡರು. ವೇದಿಕೆಯಿಂದ ನೇರವಾಗಿ ಕಪಾಟಿಗೆ ಹೋದದ್ದು, ಬರೆದುಕೊಂಡಿರಲೇ ಇಲ್ಲ.

"ಹಂಗಾರ ಇದು ನಿಮ್ಮ ಲೈಬ್ರರಿ ಪುಸ್ತಕ ಅಲ್ಲ. ನಾ ಒಯ್ತೇನಿ."

"ಅಮ್ಮಾರ! ಕೊಟ್ಟ ದಾನ ಯಾರರ ತಿರುಗಿ ಇಸ್ಕೊಂತಾರೇನ್ರಿ?"

"ದಾನ ಅಲ್ಲರಿ ಅದು. ನಾವು ಮಾಡಿದ ತಪ್ಪು."

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಪುಸ್ತಕವನ್ನು ಎದೆಗವುಚಿಕೊಂಡೆ. ಆ ಹುಡುಗಿ ಕಾಲೇಜು ಕೊಳ್ಳಬೇಕಾದ ಪುಸ್ತಕಗಳನ್ನು ಓದುಗರು ಬರೆಯುವ ವಹಿ ಕೇಳಿ ಇಸಿದುಕೊಂಡು, ಪದಕೋಶದ ಹೆಸರು ಬರೆದು, ಪಕ್ಕದಲ್ಲಿದ್ದ ಗೆಳತಿಯರ ಕಡೆಗೆ ಸರಿಸಿದಳು. "ಈಗಂತೂ ನಿಮ್ಮ ಹತ್ರ ಒಂದೂ ಇಲ್ಲಲ್ರಿ ಸರ್," ಎಂದಳು.

ರಾಣೇಬೆನ್ನೂರಿನಿಂದ ಆರ್ಡರ್ ಬಂದಿದೆ ಎಂದು ಪ್ರಕಾಶಕರು ಮೊನ್ನೆ ತಿಳಿಸಿದರು. ಒಂದೇ ಆರ್ಡರಿನಿಂದ ಎರಡನೆಯ ಸಂಪುಟ ಅಚ್ಚಾಗುವುದಿಲ್ಲ, ಇನ್ನೂ ಬೇಕಂತೆ. ಬ್ಯಾಡಗಿಯ ಕಾಲೇಜಿನವರು "ನೋಡಾಕ ಒಂದು ಬಿಟ್ಟು ಹೋಗ್ರಿ" ಎಂದರು. ಅಲ್ಲೇ ಕುಳಿತು ನೋಡಿಸಿ, ತಿರುಗಿ ಚೀಲಕ್ಕೆ ಹಾಕಿಕೊಂಡು ಬಂದೆ. ಸೋಮವಾರ ಹಾವೇರಿಗೆ ಹೋಗಿ ಅಲ್ಲಿಯ ಪ್ರತಿಯನ್ನೂ ತಿರುಗಿ ಕೇಳುತ್ತೇನೆ.

ಕೊಟ್ಟದ್ದನ್ನು ಕಿತ್ತುಕೊಳ್ಳುವ ಮುದುಕಿ ಎಂದು ಯಾರಾದರೂ ನಿಮ್ಮೆದುರು ಅಂದರೆ, ಹೌದು ಎನ್ನಿರಿ, ಮಕ್ಕಳೇ. ನಾಚಿಕೆಪಡಬೇಡಿರಿ. ಅವರ ಕಾಲೇಜಿನಲ್ಲಿ ಆ ಪುಸ್ತಕ ಯಾವ ಕಪಾಟಿನಲ್ಲಿದೆ, ಓದಲು ಸಿಗುತ್ತದೆಯೇ ಎಂದು ಅಲ್ಲೇ ನಿಂತು ಕೇಳಿರಿ.