ತಗ್ಗಿಸಿದ ಕಾರು, ಕಡಲೆ ರಾಶಿ

ಆ ತಿರುವಿನಲ್ಲಿ ನಮ್ಮ ಕಾರಿನ ಎಡಗಡೆಯ ಚಕ್ರಗಳು ನೆಲ ಬಿಟ್ಟಿದ್ದವೆಂದು ನನಗೆ ನೆನಪಿದೆ. ಹಾಗೇನೂ ಆಗಲಿಲ್ಲವೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ನಾವಿಬ್ಬರೂ ಆಳಂದದಿಂದ ಅಫಜಲಪುರಕ್ಕೆ ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ನಾನು ಕಾಲೇಜಿಗೆ, ಅವಳು ಹೈಸ್ಕೂಲಿಗೆ. ಕರಜಗಿ ಕಡೆಯಿಂದ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ತಿರುವಿನಲ್ಲಿ ನಮ್ಮ ಮೇಲೆಯೇ ವಾಲಿ ಬಂದಂತಾಯಿತು. ನಾನು ಸ್ಟೇರಿಂಗನ್ನು ಎಡಕ್ಕೆ ಎಳೆದೆ. ಕಾರು ಬಲಕ್ಕೆ ಒರಗಿತು, ಎಷ್ಟು ಒರಗಿತೆಂದರೆ ಅವಳು ನನಗಿಂತ ಎತ್ತರದಲ್ಲಿ ಕುಳಿತಂತೆ ಕಂಡಳು. ಮುಂದೆ ಹೋಗಿ ಕಾರು ನಿಲ್ಲಿಸಿದೆ.

"ಚಕ್ರ ಎದ್ದಿದ್ದು ನಿನಗ ಗೊತ್ತಾಗಲಿಲ್ಲೇನು?" ಎಂದೆ.

"ಚಕ್ರ ಎದ್ದಿಲ್ರಿ. ನೀವು ಎದ್ದಿದ್ರಿ, ಸೀಟಿನಿಂದ."

ಅವಳಿಗೆ ಆಗ ನಾಲ್ಕನೆಯ ತಿಂಗಳು. ಹಿಂದಿನ ಸಲ ಮೂರನೆಯ ತಿಂಗಳಲ್ಲೇ ಕಳೆದುಕೊಂಡಿದ್ದೆವು. ಓಡಾಡಬಹುದು, ಆದರೆ ಧಕ್ಕೆ ಆಗಬಾರದು ಎಂದಿದ್ದರು ಡಾಕ್ಟರಮ್ಮ. ನಮ್ಮ ಕಾರು ಮೆತ್ತಗಿನದು, ಎತ್ತರದ್ದು. ಕೆಟ್ಟ ರಸ್ತೆಯಲ್ಲೂ ತೊಟ್ಟಿಲ ಹಾಗೆ ತೂಗುತ್ತಿತ್ತು. ಅದರಲ್ಲಿ ಕುಳಿತವರೆಲ್ಲ ಹೊಗಳುತ್ತಿದ್ದ ಆ ತೂಗಾಟವೇ ಈಗ ನನ್ನನ್ನು ಹೆದರಿಸತೊಡಗಿತು. ಅವಳಿಗೆ ಅದರಿಂದ ವಾಂತಿ, ನನಗೆ ಕಾರು ಮಗುಚೀತೆಂಬ ಭಯ.

ಫೋನಿನಲ್ಲಿ ಓದತೊಡಗಿದೆ. ಮೂಲ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿಸಿದರೆ ಕಾರು ನೆಲಕ್ಕೆ ಹತ್ತಿರವಾಗುತ್ತದೆ, ತಿರುವಿನಲ್ಲಿ ಒರಗುವುದು ಕಡಿಮೆಯಾಗುತ್ತದೆ. ಆದರೆ ಗಿಡ್ಡ ಸ್ಪ್ರಿಂಗ್ ಎಂದರೆ ಬಿರುಸು ಸ್ಪ್ರಿಂಗ್, ಬಿರುಸೆಂದರೆ ಧಕ್ಕೆ. ಒಂದು ಭಯವನ್ನು ಕಳೆಯಲು ಇನ್ನೊಂದನ್ನು ಕೊಳ್ಳಬೇಕಿತ್ತು. ಓದಿದ್ದನ್ನೆಲ್ಲ ಅನುಮಾನಿಸುವುದು ವಿಶ್ವವಿದ್ಯಾಲಯದಲ್ಲಿ ಅಂಟಿದ ಚಟ. ಆದರೆ ಅನುಮಾನಕ್ಕೂ ಒಂದು ಗಟ್ಟಿ ನೆಲ ಬೇಕು. ನನ್ನ ಈ ಓಡಾಟಕ್ಕೆಲ್ಲ ಆಧಾರವಾಗಿದ್ದದ್ದು ಆ ತಿರುವಿನ ನೆನಪೊಂದೇ, ಅದು ನಿಜವೋ ಸುಳ್ಳೋ ನನಗೇ ತಿಳಿಯದು.

ಇಂಥ ಕೆಲಸ ಮಾಡುವ ಗ್ಯಾರೇಜು ಜೇವರ್ಗಿಯಲ್ಲಿದೆ ಎಂದು ಯಾರೋ ಹೇಳಿದರು. ಭಾನುವಾರ ಇಬ್ಬರೂ ಹೋದೆವು. ಗ್ಯಾರೇಜಿನ ಮಾಲೀಕ ಎರಡು ಜೊತೆ ಸ್ಪ್ರಿಂಗುಗಳನ್ನು ತಂದು ನೆಲದ ಮೇಲೆ ಇಟ್ಟ.

"ಇದು ಎರಡು ಇಂಚು ಇಳಸ್ತದ್ರಿ ಸರ. ಮಸ್ತ್ ಕಾಣ್ತದ ಗಾಡಿ. ಇದು ಒಂದಽ ಇಂಚು. ಮದಿವಿ ಗಂಡಿಗೆ ಅದು, ಸಂಸಾರಸ್ಥರಿಗೆ ಇದು."

ಎರಡಿಂಚು ತಗ್ಗಿಸಿದ್ದ ಯಾರದೋ ಕಾರು ಅಲ್ಲೇ ನಿಂತಿತ್ತು. ಅದರಲ್ಲಿ ನಮ್ಮನ್ನು ಕೂರಿಸಿಕೊಂಡು ರಸ್ತೆಗೆ ಹೊರಟ. ಮೊದಲನೆಯ ಸ್ಪೀಡ್ ಹಂಪಿಗೇ ನನ್ನ ಹೆಂಡತಿಯ ಕೈ ಹೊಟ್ಟೆಗೆ ಹೋಯಿತು. "ಸಾಕ್ರಿ," ಎಂದಳು. ಒಂದಿಂಚಿನದನ್ನೇ ಆರಿಸಿದೆವು. ಅದರ ಸುರುಳಿ ಒಂದು ತುದಿಯಲ್ಲಿ ಒತ್ತೊತ್ತಾಗಿ, ಇನ್ನೊಂದು ತುದಿಯಲ್ಲಿ ಬಿಡಿಬಿಡಿಯಾಗಿತ್ತು. ಸಣ್ಣ ಕುಳಿಗೆ ಮೆತ್ತಗೆ ಬಗ್ಗುತ್ತದೆ, ಭಾರ ಬಿದ್ದಷ್ಟೂ ಬಿರುಸಾಗುತ್ತದೆ.

ಜೋಡಿಸಿದ ಮೇಲೆ ಅವನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ನಾಲ್ವರನ್ನು ಕರೆದು ಕಾರಿನೊಳಗೆ ಕೂರಿಸಿದ. "ಜೋರಾಗಿ ಕೂಡ್ರಿ, ಪುಗಸಟ್ಟೆ ಸವಾರಿ ಅಲ್ಲ ಇದು, ಡ್ಯೂಟಿ!" ಎಂದು ಅವರನ್ನು ಗದರಿಸಿ, ಬಗ್ಗಿ, ಕೈಯನ್ನು ನೆಲಕ್ಕೆ ಊರಿ ಕಾರಿನ ತಳದ ಅಂತರ ಅಳೆದ. ಒಳಗೆ ಕುಳಿತವರೂ ಸಲಹೆ ಕೊಟ್ಟರು. ಯಾವ ಊರಿನ ಹಂಪು ಎತ್ತರ, ಎಲ್ಲಿ ರಸ್ತೆ ಕಿತ್ತಿದೆ, ಎಲ್ಲಿ ಓರೆಯಾಗಿ ಇಳಿಸಬೇಕು, ಎಲ್ಲವನ್ನೂ ಮಾತಾಡಿದೆವು. ಹಂಪು, ಕುಳಿ, ಹಳ್ಳ ಎಲ್ಲವೂ ಬಂದವು. ಸುಗ್ಗಿಯಲ್ಲಿ ಇದೇ ರಸ್ತೆಗಳ ಮೇಲೆ ಏನು ಬಿದ್ದಿರುತ್ತದೆ ಎಂಬುದು ಮಾತ್ರ ಹುಟ್ಟಿದಾಗಿನಿಂದ ಅದನ್ನು ಕಂಡ ಆರೇಳು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಾರು ಒರಗುವುದು ನಿಂತಿತು. ಅವಳ ವಾಂತಿಯೂ ನಿಂತಿತು. ನನ್ನ ಭಯ ಮಾತ್ರ ಕಾರಿನ ತಳಕ್ಕಿಳಿಯಿತು. ಪ್ರತಿ ಹಂಪಿನ ಮೇಲೂ ತಳ ಕೆರೆದ ಸದ್ದು ಕೇಳುತ್ತಿತ್ತು. ಇಳಿದು ನೋಡಿದರೆ ಗೀರು ಕೂಡ ಇರುತ್ತಿರಲಿಲ್ಲ. ಸದ್ದು ಆಗಿತ್ತೋ, ಆಗಬಹುದೆಂದುಕೊಂಡದ್ದೇ ಕಿವಿಗೆ ಬಿತ್ತೋ ಗೊತ್ತಾಗುತ್ತಿರಲಿಲ್ಲ. "ನಿಮ್ಮ ಕಿವಿಗೂ ಒಂದು ಸ್ಪ್ರಿಂಗ್ ಹಾಕಸ್ರಿ," ಎಂದು ಅವಳು ನಗುತ್ತಿದ್ದಳು.

ಕಡಲೆಯ ಸುಗ್ಗಿ ಬಂತು. ಅವಳಿಗೆ ಏಳು ತುಂಬಿತ್ತು. ಶನಿವಾರ ಮಧ್ಯಾಹ್ನ ಆಳಂದಕ್ಕೆ ಮರಳುತ್ತಿದ್ದೆವು. ಕಿತ್ತು ಒಣಗಿಸಿದ ಕಡಲೆ ಗಿಡಗಳನ್ನು ಡಾಂಬರಿನ ಮೇಲೆ ದಪ್ಪಗೆ ಹರವಿದ್ದರು. ವಾಹನಗಳು ಮೇಲೆ ಹಾಯ್ದರೆ ಕಾಳು ಉದುರುತ್ತದೆ, ಒಕ್ಕುವ ಕೆಲಸ ಹಗುರಾಗುತ್ತದೆ. ಬದಿಯಿಂದ ತಪ್ಪಿಸಿಕೊಂಡು ಹೋದವನನ್ನು ನಮ್ಮ ಕಡೆ ಸೊಕ್ಕಿನವ ಎನ್ನುತ್ತಾರೆ. ನಾನು ಮೇಲೆಯೇ ಹಾಯಿಸಿದೆ. ಗಿಡಗಳು ತಳಕ್ಕೆ ಉಜ್ಜುತ್ತ ಬಂದವು.

ರಸ್ತೆ ಬದಿಯಲ್ಲಿದ್ದ ವಯಸ್ಸಾದ ಹೆಂಗಸು ಕೈ ಎತ್ತಿದಳು. "ಇನ್ನೊಂದು ಸಲ ಹಾಯಸೋ ಯಪ್ಪಾ, ಪುಣ್ಯ ಬರ್ತದ!"

ಹಿಂದಕ್ಕೆ ತೆಗೆದುಕೊಂಡೆ, ಮತ್ತೆ ಮುಂದಕ್ಕೆ ಹಾಯಿಸಿದೆ. ಪುಣ್ಯವನ್ನು ನಂಬದವನಿಗೂ ಆ ಮಾತು ಹಿತವಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಸುಟ್ಟ ವಾಸನೆ ಬಂತು. ಮಾತಾಡಲಿಲ್ಲ. ಇಲ್ಲದ ಸದ್ದು ಕೇಳಿದವನಿಗೆ ಇಲ್ಲದ ವಾಸನೆಯೂ ಬರಬಹುದಲ್ಲ.

"ರೀ, ಏನೋ ಸುಡಾಕತ್ತದ."

"ಯಾರೋ ಹೊಲದಾಗ ಕಸ ಸುಟ್ಟಿರಬೇಕು," ಎಂದೆ. ಕನ್ನಡಿಯಲ್ಲಿ ಒಬ್ಬ ಮನುಷ್ಯ ಟವೆಲ್ ಬೀಸುತ್ತ ಓಡಿ ಬರುವುದು ಕಂಡಿತು. ಮೂರನೆಯ ಸಲ ಹಾಯಿಸೆನ್ನುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಗೇರಿನ ಪಕ್ಕದಿಂದ ಹೊಗೆ ಎದ್ದಿತು.

ಎಡಕ್ಕೆ ಎಳೆದು ನಿಲ್ಲಿಸಿ ಇಂಜಿನ್ ಆರಿಸಿದೆ. ಅವಳು ಬಾಗಿಲು ತಳ್ಳಿದಳು. ಅದು ಜಾಲಿ ಗಿಡಕ್ಕೆ ತಾಗಿ ಗೇಣುದ್ದವೂ ತೆರೆಯಲಿಲ್ಲ. ಕಾರನ್ನು ಸ್ವಲ್ಪ ಮುಂದೆ ತೆಗೆಯಲು ಮತ್ತೆ ಕೀ ತಿರುಗಿಸಿದೆ. ಇಂಜಿನ್ ಹತ್ತಲಿಲ್ಲ, ಅಥವಾ ನಾನು ಕೀಯನ್ನು ಉಲ್ಟಾ ತಿರುಗಿಸಿದೆ. ಹೊಗೆ ಕಣ್ಣಿಗೆ ಹತ್ತಿತು. ನನ್ನ ಬಾಗಿಲಿನಿಂದ ಇಳಿದು, ಒಳಗೆ ಬಗ್ಗಿ, ಅವಳ ಎರಡೂ ತೋಳು ಹಿಡಿದು ಎಳೆದೆ. ಏಳು ತಿಂಗಳ ಹೊಟ್ಟೆ ಗೇರಿಗೂ ಸ್ಟೇರಿಂಗಿಗೂ ನಡುವೆ ಸಿಕ್ಕಿತು. "ಸಾವಕಾಶ, ಸಾವಕಾಶ," ಎಂದು ಅವಳು ಹೇಳುತ್ತಿದ್ದಳು, ನನಗೋ ಹೊಟ್ಟೆಯೊಳಗಿನದಕ್ಕೋ. ಟವೆಲಿನವನು ಬಂದು ಅವಳ ಕಾಲುಗಳನ್ನು ಎತ್ತಿ ಹಿಡಿದ. ಇಬ್ಬರೂ ಸೇರಿ ಹೊರಗೆ ತಂದೆವು. ಅವಳ ಸೆರಗು ಗೇರಿನಲ್ಲಿ ಹರಿದು ಉಳಿಯಿತು.

ರಾಶಿ ಮಾಡುತ್ತಿದ್ದ ಜನರೆಲ್ಲ ಓಡಿ ಬಂದರು. ಕುಡಿಯಲು ತಂದಿದ್ದ ಕೊಡದ ನೀರು ಸುರಿದರು, ಹೊಲದ ಮಣ್ಣು ಎರಚಿದರು. ಸೈಲೆನ್ಸರಿಗೆ ಸುತ್ತಿಕೊಂಡು ಉರಿಯುತ್ತಿದ್ದ ಕಡಲೆ ಗಿಡಗಳನ್ನು ಕುಡುಗೋಲಿನಿಂದ ಎಳೆದೆಳೆದು ಹಾಕಿದರು.

"ಇಷ್ಟು ವರ್ಷ ನೂರಾರು ಗಾಡಿ ಹಾಯ್ದಾವು, ಹಿಂಗ ಆಗಿಲ್ಲ," ಎಂದ ಟವೆಲಿನವನು. "ಈ ಗಾಡಿ ಯಾಕ ಇಷ್ಟು ಕುಳ್ಳಗ ಅದರಿ?"

"ಇಳಿಸೇವಿ."

"ಯಾಕ್ರಿ?"

"ಹೆದರಿಕಿಗೆ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮುಂದಿನ ವಾರ ಮೂಲ ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಸಿದೆ. ಆ ಮಧ್ಯಾಹ್ನ ಮಾತ್ರ ಕಾರಿನ ಕಡೆ ನನ್ನ ಗಮನವೇ ಇರಲಿಲ್ಲ.

ಬೇವಿನ ನೆರಳಿನಲ್ಲಿ ಖಾಲಿ ಚೀಲ ಹಾಸಿ ಅವಳನ್ನು ಕೂರಿಸಿದ್ದರು. ಕೈ ಎತ್ತಿ ಕರೆದಿದ್ದ ಆ ಮುದುಕಿ ಎದುರಿಗೆ ಕುಳಿತಿದ್ದಳು. "ಕೂಸು ಆಡಾಕತ್ತದೇನು ತಂಗಿ?"

ನನ್ನ ಹೆಂಡತಿ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟು, ತಲೆ ಬಗ್ಗಿಸಿ ಆಲಿಸುತ್ತಿದ್ದಳು. ಉಳಿದ ಹೆಂಗಸರೂ ಸುಮ್ಮನಾದರು. ಹಿಂದಿನ ಸಲ ಆಸ್ಪತ್ರೆಯ ಕೋಣೆಯಲ್ಲಿ ಇದೇ ಮೌನವಿತ್ತೆಂದು ನನಗೆ ಅನ್ನಿಸಿತು. ಇತ್ತೋ ಇಲ್ಲವೋ.

ಮುದುಕಿ ಬೆಲ್ಲದ ಚೂರು ಕೊಟ್ಟಳು. "ತಿನ್ನವ್ವಾ. ಅದೂ ಹೆದರೇದ. ಸಿಹಿ ಹೋದ್ರ ಎದ್ದೇಳ್ತದ." ಅವಳು ತಿಂದಳು, ನೀರು ಕುಡಿದಳು. ಮುದುಕಿಯ ಸೀರೆಯ ಅಂಚಿನಲ್ಲಿ ಕಡಲೆಯ ಹೊಟ್ಟು ಮೆತ್ತಿಕೊಂಡಿತ್ತು. ಬೇರೆಲ್ಲಿ ನೋಡಬೇಕೆಂದು ತಿಳಿಯದೆ ನಾನು ಅದನ್ನೇ ನೋಡುತ್ತ ನಿಂತೆ.

"ಒದೀತು," ಎಂದಳು ನನ್ನ ಹೆಂಡತಿ.

ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ಅದನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಅಂಗೈಯ ಕೆಳಗೆ ಏನೋ ಮಿಡುಕಿತು. "ಇದು ಅದೇ ಏನು? ನನ್ನ ಕೈಯ ನಾಡಿ ಇದ್ದೀತು," ಎಂದೆ.

"ಯಪ್ಪಾ! ಒಳಗಿಂದ ಸಹಿ ಮಾಡಿ ಕಳಸಬೇಕೇನ್ರಿ ನಿಮಗ?"

ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಅಳತೊಡಗಿದಳು. ರಸ್ತೆಯಲ್ಲಿ ಬಸ್ಸೊಂದು ಬಂದು ನಮ್ಮ ಕಾರಿನ ಹಿಂದೆ ಹಾರ್ನ್ ಹೊಡೆಯುತ್ತಿತ್ತು. ಕಾರು ಸರಿಸಿರೆಂದು ಯಾರೋ ಕೂಗುತ್ತಿದ್ದರು. ನಾನು ಏಳಲಿಲ್ಲ. ಇನ್ನೊಂದು ಸಲ ಒದೆಯಲಿ ಎಂದು ಕೈಯನ್ನು ಅಲ್ಲೇ ಇಟ್ಟುಕೊಂಡು ಕುಳಿತೆ.